ಕೊಡಗಿನ ಮನೆಯಂಗಳಕ್ಕೆ ಅಲಂಕಾರದ ಹುಲ್ಲುಗಳು ಮತ್ತು ಮಿತನೀರಿನ ಗಿಡಗಳು

ಕೊಡಗಿನ ರೈತರಿಗೆ ನೀರು ಕಡಿಮೆ ಬೇಡುವ ಗಿಡಗಳ ಬಗ್ಗೆ ಹೇಳಹೊರಟರೆ ಕೆಲವರಿಗೆ ನಗು ಬರಬಹುದು. ಮಡಿಕೇರಿಯಲ್ಲಿ ವರ್ಷಕ್ಕೆ ೩,೦೦೦ ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಇದಕ್ಕೂ ಹೆಚ್ಚು. ಆದರೆ ಈ ಮಳೆಯ ಮುಕ್ಕಾಲು ಪಾಲಿಗೂ ಹೆಚ್ಚು ಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆಕಾಶ ಬಹುಮಟ್ಟಿಗೆ ಒಣಗಿರುತ್ತದೆ. ಇದೇ ಅವಧಿಯಲ್ಲಿ ಕಾಫಿ ಕೊಯ್ಲು, ಒಣಗಿಸುವ ಕೆಲಸ, ಅದರ ಬೆನ್ನಿಗೇ ರೊಬಸ್ಟಾ ಕಾಫಿಗೆ ಹೂ ಬಿಡಿಸುವ ನೀರಾವರಿ ಬರುತ್ತವೆ. ಕೆರೆಯ ಮಟ್ಟ ದಿನದಿನಕ್ಕೆ ಇಳಿಯುತ್ತಿರುವಾಗ ಮನೆಯ ಮುಂದಿನ ಹುಲ್ಲುಹಾಸಿಗೂ ಸಂಜೆ ಪೈಪು ಹಿಡಿಯಬೇಕಾದ ಪರಿಸ್ಥಿತಿ ಅನೇಕ ತೋಟದ ಮನೆಗಳಲ್ಲಿದೆ.

ಮನೆಯ ಮುಂದೆ ನಾಲ್ಕು ಹೂಗಿಡ ಬೆಳೆಸುವುದು ಕೊಡಗಿನ ಕುಟುಂಬಗಳಲ್ಲಿ ಹಳೆಯ ರೂಢಿ. ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಗಿಡಗಳ ಆಯ್ಕೆಯಲ್ಲಿ ಸ್ವಲ್ಪ ವಿವೇಚನೆ ತೋರಿದರೆ ಅಂಗಳದ ಅಂದವೂ ಉಳಿಯುತ್ತದೆ, ತೋಟದ ನೀರೂ ಉಳಿಯುತ್ತದೆ, ಮನೆಯ ಹಿಂದಿನ ದರೆಯೂ ಭದ್ರವಾಗುತ್ತದೆ. ಈ ಮೂರು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಹುಲ್ಲುಹಾಸು ಕುಡಿಯುವ ನೀರಿನ ಲೆಕ್ಕ

ಮೊದಲು ಒಂದು ಸರಳ ಲೆಕ್ಕವನ್ನು ನೋಡೋಣ. ಬೇಸಗೆಯಲ್ಲಿ ಹುಲ್ಲುಹಾಸು ಹಸಿರಾಗಿಯೇ ಇರಬೇಕಾದರೆ ದಿನಕ್ಕೆ ಸುಮಾರು ೪ ಮಿ.ಮೀ. ನೀರು ಬೇಕೆಂದು ಇಟ್ಟುಕೊಳ್ಳೋಣ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ಆದ್ದರಿಂದ ೧೦೦ ಚದರ ಮೀಟರ್ ಹುಲ್ಲುಹಾಸಿಗೆ ದಿನಕ್ಕೆ ೪೦೦ ಲೀಟರ್ ಬೇಕು. ಜನವರಿಯಿಂದ ಮಾರ್ಚ್‌ವರೆಗಿನ ೯೦ ದಿನಗಳಿಗೆ ಇದು ೩೬,೦೦೦ ಲೀಟರ್ ಆಗುತ್ತದೆ.

ಇದೇ ನೀರನ್ನು ಕಾಫಿಗೆ ಕೊಟ್ಟರೆ ಏನಾಗುತ್ತದೆ? ಒಂದು ಎಕರೆಗೆ ಒಂದು ಅಂಗುಲ ನೀರು ತುಂತುರಾಗಿ ಹಾಯಿಸಲು ಸುಮಾರು ೧,೦೩,೦೦೦ ಲೀಟರ್ ಬೇಕು. ಎಂದರೆ ೩೬,೦೦೦ ಲೀಟರಿನಲ್ಲಿ ಸುಮಾರು ೧೪ ಗುಂಟೆ ರೊಬಸ್ಟಾ ತೋಟಕ್ಕೆ ಒಂದು ಅಂಗುಲ ಹೂನೀರು ಕೊಡಬಹುದು. ಹೂಮಳೆ ಕೈಕೊಟ್ಟ ವರ್ಷದಲ್ಲಿ ಈ ೧೪ ಗುಂಟೆಯ ಫಸಲು ಎಷ್ಟೆಂಬುದನ್ನು ಬೆಳೆಗಾರರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅದೇ ೧೦೦ ಚದರ ಮೀಟರ್ ಜಾಗದಲ್ಲಿ ಮೂರು ಮೂರು ಅಡಿಗೆ ಒಂದರಂತೆ ಸುಮಾರು ೧೦೦ ಬುಡ ಗಟ್ಟಿ ಜಾತಿಯ ಹುಲ್ಲು ಮತ್ತು ಪೊದೆಗಿಡಗಳನ್ನು ನೆಟ್ಟರೆ, ಮೊದಲ ಬೇಸಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ೫ ಲೀಟರ್ ಕೊಟ್ಟರೆ ಸಾಕು. ಮೂರು ತಿಂಗಳಿಗೆ ಆರು ಸಲ, ಒಟ್ಟು ೩,೦೦೦ ಲೀಟರ್. ಎರಡನೆಯ ವರ್ಷದಿಂದ, ಬೇರು ಆಳಕ್ಕೆ ಇಳಿದ ಮೇಲೆ, ಬಹುಪಾಲು ಗಿಡಗಳಿಗೆ ಇದೂ ಬೇಕಾಗುವುದಿಲ್ಲ.

ಕೊಡಗಿನ ಗಿಡಕ್ಕೆ ಎರಡು ಪರೀಕ್ಷೆ

ಮಿತನೀರಿನ ಗಿಡಗಳೆಂದು ಪುಸ್ತಕಗಳಲ್ಲಿ, ನರ್ಸರಿಗಳ ಪಟ್ಟಿಗಳಲ್ಲಿ ಬರುವ ಹೆಸರುಗಳು ಹೆಚ್ಚಾಗಿ ಒಣಪ್ರದೇಶದವು. ಪಾಪಾಸುಕಳ್ಳಿಯ ಬಗೆಗಳು, ಲ್ಯಾವೆಂಡರ್, ಬೂದುಬಣ್ಣದ ಎಲೆಯ ಸಣ್ಣ ಗಿಡಗಳು ಈ ಗುಂಪಿಗೆ ಸೇರುತ್ತವೆ. ಇವು ಬಾಯಾರಿಕೆಯನ್ನು ತಡೆಯುತ್ತವೆ, ನಿಜ. ಆದರೆ ಕೊಡಗಿನಲ್ಲಿ ಇವು ಸಾಯುವುದು ಮಾರ್ಚ್ ತಿಂಗಳ ಬಿಸಿಲಿಗಲ್ಲ, ಜುಲೈ ತಿಂಗಳ ಮಳೆಗೆ.

ಈ ಪಾಠವನ್ನು ನಾನು ಕೈಸುಟ್ಟುಕೊಂಡೇ ಕಲಿತದ್ದು. ಕೊಡಗಿಗೆ ವರ್ಗವಾಗಿ ಬಂದ ಮೊದಲ ವರ್ಷ ಬಯಲುಸೀಮೆಯ ನರ್ಸರಿಯೊಂದರಿಂದ ಇಂಥ ಹನ್ನೆರಡು ಗಿಡಗಳನ್ನು ತಂದು ಮೇ ತಿಂಗಳಲ್ಲಿ ವಸತಿಗೃಹದ ಮುಂದೆ ನೆಟ್ಟಿದ್ದೆ. ಆಗಸ್ಟ್ ಮುಗಿಯುವ ಹೊತ್ತಿಗೆ ಒಂಬತ್ತು ಗಿಡಗಳ ಬುಡ ಕೊಳೆತು ಹೋಗಿತ್ತು. ಉಳಿದ ಮೂರು ಯಾವುವೆಂದು ನೋಡಿದರೆ, ಜಾಗ ಸಾಲದೆ ಕಲ್ಲುಕಟ್ಟೆಯ ಮೇಲೆ ನೆಟ್ಟವು. ಜಾತಿ ಒಂದೇ, ಮಳೆ ಒಂದೇ. ವ್ಯತ್ಯಾಸ ಬುಡದಲ್ಲಿ ನೀರು ನಿಲ್ಲುವುದು ಮತ್ತು ನಿಲ್ಲದಿರುವುದರಲ್ಲಿ ಮಾತ್ರ ಇತ್ತು.

ಇದರ ಕಾರಣ ತಿಳಿಯುವುದು ಕಷ್ಟವಲ್ಲ. ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ರಂಧ್ರಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಂಡರೆ ಆಮ್ಲಜನಕ ಸಿಗದೆ ಬೇರು ಬಳಲುತ್ತದೆ. ಬಳಲಿದ ಬೇರನ್ನು ಮಣ್ಣಿನಲ್ಲಿರುವ ಕೊಳೆರೋಗದ ಶಿಲೀಂಧ್ರಗಳು ಬೇಗ ಹಿಡಿಯುತ್ತವೆ. ವಾರಗಟ್ಟಲೆ ಬಿಸಿಲಿಲ್ಲದೆ ಎಲೆ ಒದ್ದೆಯಾಗಿರುವುದರಿಂದ ಮೇಲುಭಾಗವೂ ಕೊಳೆಯುತ್ತದೆ. ಒಣನಾಡಿನ ಗಿಡಗಳ ಎಲೆಯ ಮೇಲಿರುವ ನವಿರುರೋಮಗಳು ಅಲ್ಲಿ ತೇವ ಉಳಿಸಿ ಗಿಡವನ್ನು ಕಾಪಾಡುತ್ತವೆ; ಇಲ್ಲಿ ಅದೇ ರೋಮಗಳು ಮಳೆನೀರನ್ನು ಹಿಡಿದಿಟ್ಟು ಗಿಡವನ್ನು ಕೆಡಿಸುತ್ತವೆ.

ಆದ್ದರಿಂದ ಕೊಡಗಿನ ಅಂಗಳದ ಗಿಡ ಎರಡು ಪರೀಕ್ಷೆಗಳಲ್ಲಿ ಪಾಸಾಗಬೇಕು. ಒಂದು, ನಾಲ್ಕು ತಿಂಗಳ ಎಡೆಬಿಡದ ಮಳೆ. ಇನ್ನೊಂದು, ನಾಲ್ಕು ತಿಂಗಳ ಒಣಹವೆ. ಕುಶಾಲನಗರ ಮತ್ತು ಸೋಮವಾರಪೇಟೆಯ ಪೂರ್ವದ ಅಂಚಿನಲ್ಲಿ ವರ್ಷದ ಮಳೆ ಸಾವಿರ ಮಿ.ಮೀ. ಆಸುಪಾಸಿಗೆ ಇಳಿಯುವುದರಿಂದ ಅಲ್ಲಿ ಮೊದಲ ಪರೀಕ್ಷೆ ಸುಲಭ, ಎರಡನೆಯದು ಕಠಿಣ. ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ ಮೊದಲನೆಯದೇ ಕಠಿಣ. ನೆರೆಮನೆಯಲ್ಲಿ ಬೆಳೆದದ್ದು ನಮ್ಮಲ್ಲಿ ಬಂದೀತು. ಮೂವತ್ತು ಮೈಲಿ ಆಚೆ ಬೆಳೆದದ್ದು ಬರುತ್ತದೆಂದು ಹೇಳಲಾಗದು.

ಎರಡೂ ಪರೀಕ್ಷೆಗಳಲ್ಲಿ ಪಾಸಾಗುವ ಹುಲ್ಲುಗಳು

ಲಾವಂಚ: ಮುಡಿವಾಳವೆಂದೂ ಕರೆಯುವ ಈ ಹುಲ್ಲಿಗೆ ಅಗ್ರಸ್ಥಾನ ಸಲ್ಲಬೇಕು. ನೆಟ್ಟಗೆ ನಿಂತ ನಾಲ್ಕೈದು ಅಡಿ ಎತ್ತರದ ದಟ್ಟ ಪೊದೆ, ತುದಿಯಲ್ಲಿ ಬಾಗಿದ ಗರಿಗಳು. ಅಲಂಕಾರಕ್ಕೆಂದೇ ಹಣ ಕೊಟ್ಟು ತರುವ ಪರದೇಶದ ಹುಲ್ಲುಗಳಿಗೆ ಇದು ಕಡಿಮೆಯಲ್ಲ. ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಗಿಳಿಯುತ್ತದೆ. ಒಳ್ಳೆಯ ಮಣ್ಣಿನಲ್ಲಿ ೬ ರಿಂದ ೧೦ ಅಡಿ ಆಳಕ್ಕೆ ಹೋಗುವುದರಿಂದ ಬೇಸಗೆಯಲ್ಲಿ ನೀರು ಬೇಡುವುದಿಲ್ಲ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೂ ತಡೆದುಕೊಳ್ಳುತ್ತದೆ. ದಕ್ಷಿಣ ಭಾರತದಲ್ಲಿ ಸಾಗುವಳಿಯಲ್ಲಿರುವ ಲಾವಂಚ ಬೀಜದಿಂದ ಹರಡುವುದಿಲ್ಲ. ಬುಡ ಸೀಳಿ ನೆಡಬೇಕು. ಹೀಗಾಗಿ ಕಳೆಯಾಗುವ ಭಯವಿಲ್ಲ. ನೆರಳು ಮಾತ್ರ ಇದಕ್ಕೆ ಆಗದು. ಮರದಡಿ ನೆಟ್ಟರೆ ಸೊರಗುತ್ತದೆ.

ಮಜ್ಜಿಗೆ ಹುಲ್ಲು: ನಿಂಬೆಯ ಪರಿಮಳವಿರುವ ಈ ಹುಲ್ಲು ಇಳಿಜಾರಿನ ಕೆಂಪುಮಣ್ಣಿನಲ್ಲಿ ಚೆನ್ನಾಗಿ ಬರುತ್ತದೆ. ಮಳೆ ಹೆಚ್ಚಾದರೂ ಚಿಂತೆಯಿಲ್ಲ, ಆದರೆ ನೀರು ನಿಲ್ಲಬಾರದು. ಎರಡು ಮೂರು ತಿಂಗಳಿಗೊಮ್ಮೆ ನೆಲದಿಂದ ಅರ್ಧ ಅಡಿ ಬಿಟ್ಟು ಕೊಯ್ಯುತ್ತಿದ್ದರೆ ಪೊದೆ ಹೊಸ ಚಿಗುರಿನಿಂದ ತುಂಬಿರುತ್ತದೆ. ಚಹಾಕ್ಕೂ ಕಷಾಯಕ್ಕೂ ಒದಗುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಬುಡ ಕಿತ್ತು, ಸೀಳಿ, ಹೊಸದಾಗಿ ನೆಡಬೇಕು.

ಗರಿಕೆ: ಹುಲ್ಲುಹಾಸು ಬೇಕೇ ಬೇಕೆನ್ನುವವರು ಪೂರ್ಣ ಬಿಸಿಲಿನ ಜಾಗದಲ್ಲಿ ಗರಿಕೆಯನ್ನೂ, ಅರೆನೆರಳಿನಲ್ಲಿ ಅಗಲ ಎಲೆಯ ಕಾರ್ಪೆಟ್ ಹುಲ್ಲನ್ನೂ ಬೆಳೆಸಬಹುದು. ಬೇಸಗೆಯಲ್ಲಿ ಇವು ಕಂದುಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಹುಲ್ಲು ಸತ್ತಿರುವುದಿಲ್ಲ, ಮಲಗಿರುತ್ತದೆ. ನೆಲದೊಳಗಿನ ಕಾಂಡದಲ್ಲಿ ಜೀವವಿದ್ದು, ಏಪ್ರಿಲ್ ತಿಂಗಳ ಎರಡು ಮಳೆಗೆ ಮತ್ತೆ ಹಸಿರಾಗುತ್ತದೆ. ಮಲಗಿದವನನ್ನು ನೀರೆರಚಿ ಎಬ್ಬಿಸುವ ಖರ್ಚು ನಮಗೇಕೆ?

ಹೂಗಿಡಗಳ ಆಯ್ಕೆ

ಪೊದೆಗಿಡಗಳಲ್ಲಿ ಕೆಂಪು ಕೇಪಳ ನಮ್ಮ ಮಲೆನಾಡು ಮತ್ತು ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ತಾನಾಗಿಯೇ ಬೆಳೆಯುವ ಗಿಡ. ಭಾರಿ ಮಳೆಗೂ ಬಿರುಬಿಸಿಲಿಗೂ ಹುಟ್ಟಿನಿಂದಲೇ ಹೊಂದಿಕೊಂಡಿದೆ. ಕಾಗದದ ಹೂವಿನ ಗಿಡ ಒಣಹವೆಯಲ್ಲಿಯೇ ಹೆಚ್ಚು ಹೂ ಬಿಡುವುದರಿಂದ ಬೇಸಗೆಯ ಅಂಗಳಕ್ಕೆ ಶೋಭೆ. ನೀರು ಹೆಚ್ಚಾದರೆ ಎಲೆಯೇ ಹೆಚ್ಚುತ್ತದೆ. ಇದನ್ನು ನೀರಿಳಿಯುವ ಏರಿಯ ಮೇಲೆ ನೆಡಬೇಕು. ದೇವಕಣಗಿಲೆ ಬೇಸಗೆಗೆ ಮುನ್ನ ಎಲೆ ಉದುರಿಸಿ ಬರಿ ಕೊಂಬೆಯಲ್ಲಿ ಹೂ ಬಿಡುತ್ತದೆ. ಇದಕ್ಕೂ ಬುಡದಲ್ಲಿ ನೀರು ನಿಲ್ಲಬಾರದು. ಕತ್ತಾಳೆ, ಲೋಳೆಸರ, ಹಾವಿನ ಚರ್ಮದಂಥ ಎಲೆಯ ಸರ್ಪಗಿಡಗಳನ್ನು ಮಳೆ ಹೆಚ್ಚಿರುವ ಕಡೆ ನೆಲಕ್ಕೆ ಹಾಕದೆ ಕುಂಡದಲ್ಲಿಟ್ಟು, ಮಳೆಗಾಲದಲ್ಲಿ ಜಗುಲಿಗೆ ಎತ್ತಿಡುವುದು ಕ್ಷೇಮ.

ಇನ್ನೊಂದು ಗುಂಪಿನ ಗಿಡಗಳು ಬಾಯಾರಿಕೆಯನ್ನು ಸಹಿಸುವುದೇ ಇಲ್ಲ, ಆದರೂ ಬೇಸಗೆಯಲ್ಲಿ ಒಂದು ಹನಿ ನೀರು ಬೇಡುವುದಿಲ್ಲ. ಮಳೆಯಲ್ಲಿ ಬೆಳೆದು, ಹೂ ಬಿಟ್ಟು, ಬೇಸಗೆಯಲ್ಲಿ ಗೆಡ್ಡೆಯಾಗಿ ಮಣ್ಣಿನೊಳಗೆ ಮಲಗುವುದು ಇವುಗಳ ಕ್ರಮ. ಸೆಪ್ಟೆಂಬರ್ ೩ರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಸಿಂಗರಿಸುವ ತೋಕ್ ಪೂ ಇದಕ್ಕೆ ಶ್ರೇಷ್ಠ ಉದಾಹರಣೆ. ಅಗ್ನಿಶಿಖೆ, ಗೌರಿ ಹೂ ಎಂದು ಬೇರೆ ಕಡೆ ಕರೆಯುವುದು ಇದನ್ನೇ. ಬೇಲಿಗೆ ಹಬ್ಬಿಸಿದರೆ ಪ್ರತಿ ಮಳೆಗಾಲವೂ ತಾನೇ ಚಿಗುರುತ್ತದೆ. ಕಾಡುಅರಿಶಿನ, ಮಳೆಲಿಲ್ಲಿಗಳೂ ಇದೇ ಬಗೆಯವು. ನೀರಿನ ಮಟ್ಟಿಗೆ ಕೊಡಗಿನ ಹವೆಗೆ ಇವುಗಳಿಗಿಂತ ಬುದ್ಧಿವಂತ ಗಿಡಗಳಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಅಗ್ನಿಶಿಖೆಯ ಎಲ್ಲ ಭಾಗಗಳೂ, ಅದರಲ್ಲಿಯೂ ಗೆಡ್ಡೆ, ವಿಷಪೂರಿತ. ಕೆಂಪು ಕಣಗಿಲೆಯೂ ಹಾಗೆಯೇ. ಚಿಕ್ಕ ಮಕ್ಕಳ ಕೈಗೆಟಕುವಲ್ಲಿ, ದನ ಕಟ್ಟುವ ಗೂಟದ ಬಳಿ ಇವನ್ನು ಬೆಳೆಸಬಾರದು. ಕಣಗಿಲೆ ಸವರಿದ ಕೊಂಬೆಗಳನ್ನು ಮೇವಿನ ರಾಶಿಯ ಹತ್ತಿರ ಹಾಕಬಾರದು.

ಮನೆಯ ಹಿಂದಿನ ದರೆ

೨೦೧೮ರ ಆಗಸ್ಟ್ ತಿಂಗಳಲ್ಲಿ ಮಡಿಕೇರಿ ತಾಲ್ಲೂಕಿನ ಬೆಟ್ಟಗಳು ಜರಿದದ್ದನ್ನು ಯಾರೂ ಮರೆತಿಲ್ಲ. ೨೦೧೯ರಲ್ಲಿ ತೋರ, ೨೦೨೦ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ. ಇಂಥ ದೊಡ್ಡ ಕುಸಿತಗಳನ್ನು ಯಾವ ಹುಲ್ಲೂ ತಡೆಯಲಾರದು. ಜಾರುವ ಪದರ ಬೇರಿನ ಆಳಕ್ಕಿಂತ ಕೆಳಗಿದ್ದರೆ ಹುಲ್ಲೂ ಮಣ್ಣಿನೊಡನೆ ಜಾರಿ ಬರುತ್ತದೆ. ಇದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಆದರೆ ಮನೆಗಾಗಿ ಗುಡ್ಡವನ್ನು ಕಡಿದು ಮಾಡಿದ ದರೆಯಲ್ಲಿ ಪ್ರತಿ ಮಳೆಗಾಲ ಮಣ್ಣು ಕೊರೆದು ಬೀಳುವುದನ್ನೂ, ಮೇಲ್ಪದರ ಕುಸಿಯುವುದನ್ನೂ ಲಾವಂಚ ಬಹಳಮಟ್ಟಿಗೆ ತಡೆಯಬಲ್ಲದು. ಇದರ ಬೇರಿನ ಎಳೆತಡೆಯುವ ಶಕ್ತಿ, ಒಂದೇ ದಪ್ಪದ ಮೆದು ಉಕ್ಕಿನ ತಂತಿಯ ಶಕ್ತಿಯ ಸುಮಾರು ಆರನೆಯ ಒಂದು ಪಾಲಿನಷ್ಟಿದೆ. ಒಂದು ಬುಡದಲ್ಲಿ ಇಂಥ ಬೇರುಗಳು ಎಷ್ಟಿವೆಯೆಂದು ನೋಡಿದರೆ ಇದರ ಬೆಲೆ ತಿಳಿಯುತ್ತದೆ.

ಈ ಉಪಯೋಗ ನಮಗೆ ಹೊರಗಿನಿಂದ ಬಂದದ್ದಲ್ಲ. ಗುಂಡ್ಲುಪೇಟೆ ಸುತ್ತಿನ ರೈತರು ತಲೆಮಾರುಗಳಿಂದ ಹೊಲದ ಬದುಗಳಲ್ಲಿ ಲಾವಂಚವನ್ನು ಸಾಲಾಗಿ ಬೆಳೆಸುತ್ತ ಬಂದಿದ್ದರು. ೧೯೮೦ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಭಾರತದಲ್ಲಿ ಮಣ್ಣು ಸಂರಕ್ಷಣೆಗೆ ಈ ಹುಲ್ಲನ್ನು ಪ್ರಚುರಪಡಿಸಿದರು. ಇಂದು ಅನೇಕ ದೇಶಗಳಲ್ಲಿ ರಸ್ತೆಯ ಬದಿಯ ದರೆಗಳಿಗೆ ಇದನ್ನು ನೆಡುತ್ತಾರೆ.

ನೆಡುವ ಕ್ರಮ ಹೀಗಿದೆ:

೧. ದರೆ ಕಡಿದಾಗಿ ಗೋಡೆಯಂತೆ ನಿಂತಿದ್ದರೆ ಮೊದಲು ಅದನ್ನು ಸಾಧ್ಯವಾದಷ್ಟು ಓರೆ ಮಾಡಿಸಬೇಕು. ಮೇಲಿನಿಂದ ಬರುವ ನೀರು ದರೆಯ ಮೇಲೆ ಹರಿಯದಂತೆ ನೆತ್ತಿಯಲ್ಲಿ ಒಂದು ಚರಂಡಿ ತೆಗೆದು ಪಕ್ಕಕ್ಕೆ ಹರಿಸಬೇಕು. ಈ ಚರಂಡಿಯಿಲ್ಲದೆ ಹುಲ್ಲು ನೆಟ್ಟರೆ ಶ್ರಮ ವ್ಯರ್ಥ.

೨. ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯ ಗೆರೆಯಲ್ಲಿ ಸಾಲು ಹಾಕಬೇಕು. ಕಡಿದಾದ ದರೆಯಲ್ಲಿ ಒಂದು ಸಾಲಿಗೂ ಇನ್ನೊಂದಕ್ಕೂ ಸುಮಾರು ಮೂರು ಅಡಿ ಎತ್ತರದ ಅಂತರವಿರಲಿ.

೩. ಎರಡು ಮೂರು ತೆಂಡೆಗಳಿರುವ ಸೀಳುಗಳನ್ನು ಆಯ್ದು, ಎಲೆಯನ್ನು ೬-೮ ಅಂಗುಲಕ್ಕೆ ಕತ್ತರಿಸಿ, ಸಾಲಿನಲ್ಲಿ ಅರ್ಧ ಅಡಿಗೆ ಒಂದರಂತೆ ನೆಡಬೇಕು. ಮೂವತ್ತು ಅಡಿ ಸಾಲಿಗೆ ೬೦ ಸೀಳುಗಳು ಬೇಕು. ನಡುವೆ ತೆರಪು ಉಳಿದರೆ ನೀರು ಅಲ್ಲಿಯೇ ನುಗ್ಗಿ ಕೊರೆಯುತ್ತದೆ.

೪. ಮೇ ಕೊನೆಯ ಮಳೆಗೆ ಅಥವಾ ಜೂನ್ ಮೊದಲ ವಾರದಲ್ಲಿ ನೆಟ್ಟರೆ ಭಾರಿ ಮಳೆಗೆ ಮುನ್ನ ಬೇರು ಹಿಡಿಯುತ್ತದೆ. ಸತ್ತ ಸೀಳುಗಳ ಜಾಗವನ್ನು ಅದೇ ಮಳೆಗಾಲದಲ್ಲಿ ತುಂಬಬೇಕು.

೫. ಲಾವಂಚದ ಬೇರಿಗೆ ಬೆಲೆಯಿದೆಯೆಂದು ದರೆಯ ಸಾಲನ್ನು ಎಂದಿಗೂ ಅಗೆಯಬಾರದು. ಬೇರು ಕಿತ್ತರೆ ಮಣ್ಣನ್ನು ನಾವೇ ಸಡಿಲಿಸಿದಂತಾಗುತ್ತದೆ.

ದರೆಯಲ್ಲಿ ಬಿರುಕು ಕಂಡರೆ, ಎಂದೂ ಇಲ್ಲದ ಕಡೆ ಹೊಸ ಒರತೆ ಹುಟ್ಟಿದರೆ, ಮರಗಳು ವಾಲಿದರೆ ಅದು ಹುಲ್ಲಿನ ಕೆಲಸವಲ್ಲ. ಮನೆಯವರು ಕೂಡಲೇ ಸುರಕ್ಷಿತ ಸ್ಥಳಕ್ಕೆ ಹೋಗಿ ಆಡಳಿತಕ್ಕೆ ತಿಳಿಸಬೇಕು.

ಅಂದದ ಗಿಡ ಕಳೆಯಾಗುವ ಬಗೆ

ಇಂದು ನಮ್ಮ ತೋಟದ ಅಂಚಿನಲ್ಲಿ, ಕಾಡಿನಲ್ಲಿ, ಬಾಣೆಯಲ್ಲಿ ಕತ್ತಿ ಹಿಡಿದು ಸವರುವ ಲಂಟಾನ ಯಾವ ದಾರಿಯಿಂದ ಬಂತು? ಅಮೆರಿಕದ ಉಷ್ಣವಲಯದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ತಂದದ್ದು ಅಲಂಕಾರದ ಹೂಗಿಡವೆಂದೇ. ಬೇಲಿಗೆ ಚೆಂದ, ನೀರು ಬೇಡ, ದನ ತಿನ್ನುವುದಿಲ್ಲ ಎಂಬ ಅದರ ಗುಣಗಳೇ ಮುಂದೆ ಅವಗುಣಗಳಾದವು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಡೆ ಹರಡಿದವು. ಕಳೆಗಳ ಹಾವಳಿ ಎಷ್ಟಾಯಿತೆಂದರೆ ೧೯೧೪ರಷ್ಟು ಹಿಂದೆಯೇ ಕೊಡಗಿನಲ್ಲಿ ಹಾನಿಕಾರಕ ಕಳೆಗಳ ನಿಯಂತ್ರಣಕ್ಕೆ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಅಂದಕ್ಕೂ ನೆರಳಿಗೂ ನೆಟ್ಟ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರ ಈಗ ನಾಗರಹೊಳೆ ಮತ್ತು ವಯನಾಡಿನ ಕಾಡುಗಳಲ್ಲಿ ಇದೇ ಕಥೆಯನ್ನು ಮತ್ತೆ ಹೇಳುತ್ತಿದೆ.

ಅಲಂಕಾರದ ಹುಲ್ಲುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಇವುಗಳ ಬೀಜ ಗಾಳಿಯಲ್ಲಿ ಹಾರುತ್ತದೆ. ಆಫ್ರಿಕ ಮೂಲದ ಫೌಂಟನ್ ಹುಲ್ಲು ಹವಾಯಿ ದ್ವೀಪಗಳಲ್ಲಿ ಕಳೆಯಾಗಿ ಹರಡಿ, ಒಣಗಿದಾಗ ಬೆಂಕಿಗೆ ಸೌದೆಯಾಗಿದೆ. ಬೆಳ್ಳಿಯ ಗರಿಯಂಥ ತೆನೆಯ ಪಂಪಾಸ್ ಹುಲ್ಲು ಕ್ಯಾಲಿಫೋರ್ನಿಯ ಮತ್ತು ನ್ಯೂಜಿಲೆಂಡಿನಲ್ಲಿ ದೊಡ್ಡ ಕಳೆ. ತಡಿಯಂಡಮೋಳ್, ಪುಷ್ಪಗಿರಿ, ಬ್ರಹ್ಮಗಿರಿಗಳ ನೆತ್ತಿಯಲ್ಲಿರುವುದು ನಮ್ಮದೇ ಹುಲ್ಲುಗಾವಲು. ಹೊಳೆಗಳ ಹುಟ್ಟು ಅಲ್ಲಿದೆ. ಅಂಗಳದ ಒಂದು ತೆನೆಯಿಂದ ಸಾವಿರಾರು ಬೀಜ ಆ ಕಡೆ ಹಾರಿದರೆ ಅವನ್ನು ಹಿಂದಕ್ಕೆ ಕರೆಯುವವರಾರು? ನೆಲದ ಮೇಲೆ ಹಳದಿ ಹೂವಿನೊಡನೆ ಹಬ್ಬುವ ಸಿಂಗಾಪುರ ಡೈಸಿಯನ್ನೂ ತೋಟಕ್ಕೆ, ಗದ್ದೆಯ ಕಾಲುವೆಗೆ ಸೇರಿಸಬಾರದು.

ಆದ್ದರಿಂದ ಹೊಸ ಗಿಡ ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ಇದು ಬೀಜದಿಂದ ಹರಡುತ್ತದೆಯೇ? ಗಾಳಿ ಅಥವಾ ಹಕ್ಕಿ ಇದರ ಬೀಜವನ್ನು ಒಯ್ಯುತ್ತದೆಯೇ? ಬೇರೆ ದೇಶದಲ್ಲಿ ಇದು ಕಳೆಯಾಗಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆ ಗಿಡ ಎಷ್ಟೇ ಚೆಂದವಿರಲಿ, ಅಲ್ಲಿಯೇ ಬಿಟ್ಟು ಬರಬೇಕು.

ನೆಡುವಿಕೆ ಮತ್ತು ಆರೈಕೆ

ಮೇ-ಜೂನ್: ಲಾವಂಚ, ಮಜ್ಜಿಗೆ ಹುಲ್ಲು, ಗೆಡ್ಡೆಯ ಗಿಡಗಳನ್ನು ನೆಡಲು ಸಕಾಲ. ಸೂರಿನ ನೀರು ನೇರವಾಗಿ ಬೀಳುವ ಗೆರೆಯಲ್ಲಿ ಯಾವ ಗಿಡವನ್ನೂ ನೆಡಬಾರದು.

ಜುಲೈ-ಆಗಸ್ಟ್: ಬಚ್ಚಲು, ಚರಂಡಿಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ದಾರಿಗೆ ಬಾಗಿದ ಹುಲ್ಲನ್ನು ಕತ್ತರಿಸಬೇಕು. ಇಲ್ಲವಾದರೆ ಜಿಗಣೆಗಳಿಗೆ ಅದೇ ಏಣಿ.

ಸೆಪ್ಟೆಂಬರ್-ಅಕ್ಟೋಬರ್: ಕಾಗದದ ಹೂ, ದೇವಕಣಗಿಲೆಯಂಥ ಕೊಳೆಗೆ ಅಂಜುವ ಗಿಡಗಳನ್ನು ಮಳೆ ಇಳಿದ ಮೇಲೆ ನೆಡಬೇಕು. ಹಿಂಗಾರಿನ ಸಣ್ಣ ಮಳೆಗಳಲ್ಲಿ ಬೇರು ಹಿಡಿದು ಬೇಸಗೆಗೆ ಸಿದ್ಧವಾಗುತ್ತವೆ. ಮಣ್ಣಿಗೆ ಮರಳು ಮತ್ತು ಗೊಬ್ಬರ ಬೆರೆಸಿ ಒಂದು ಅಡಿ ಎತ್ತರದ ಏರುಮಡಿ ಮಾಡಿದರೆ ಒಳ್ಳೆಯದು.

ನವೆಂಬರ್-ಡಿಸೆಂಬರ್: ಮಣ್ಣಿನಲ್ಲಿ ತೇವವಿರುವಾಗಲೇ ಒಣ ತರಗೆಲೆಯನ್ನು ಬುಡದ ಸುತ್ತ ೨-೩ ಅಂಗುಲ ದಪ್ಪ ಹೊದಿಸಬೇಕು. ಕಾಂಡದಿಂದ ಒಂದು ಗೇಣು ಬಿಟ್ಟಿರಲಿ. ಮಣ್ಣು ಒಣಗಿದ ಮೇಲೆ ಹೊದಿಕೆ ಹಾಕಿ ಪ್ರಯೋಜನ ಕಡಿಮೆ.

ಜನವರಿ-ಮಾರ್ಚ್: ಹೊಸ ಗಿಡಗಳಿಗೆ ಮಾತ್ರ ಹದಿನೈದು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು. ದಿನವೂ ಸ್ವಲ್ಪ ಸ್ವಲ್ಪ ಕೊಟ್ಟರೆ ಬೇರು ಮೇಲ್ಪದರದಲ್ಲಿಯೇ ಉಳಿದು ಗಿಡ ಸೋಮಾರಿಯಾಗುತ್ತದೆ. ಒಣಗಿದ ಹುಲ್ಲನ್ನು ಒಂದು ಅಡಿಗೆ ಕತ್ತರಿಸಿ ತೆಗೆಯಬೇಕು. ಎತ್ತರದ ಒಣಹುಲ್ಲು ಬೆಂಕಿಗೆ ಆಹ್ವಾನ, ಇಲಿಗೂ ಹಾವಿಗೂ ಆಶ್ರಯ. ಮನೆಯ ಗೋಡೆಯಿಂದಲೂ ಕಾಫಿ ಒಣಗಿಸುವ ಕಣದಿಂದಲೂ ಹತ್ತು ಅಡಿ ದೂರದಲ್ಲಿಯೇ ಎತ್ತರದ ಹುಲ್ಲುಗಳಿರಲಿ.

ರಸಗೊಬ್ಬರದ ಅಗತ್ಯ ಈ ಗಿಡಗಳಿಗಿಲ್ಲ. ವರ್ಷಕ್ಕೊಮ್ಮೆ, ಮಳೆಗೆ ಮುನ್ನ, ಬುಡಕ್ಕೆ ಎರಡು ಬೊಗಸೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಸಾಕು. ಹೆಚ್ಚು ಗೊಬ್ಬರ ಕೊಟ್ಟರೆ ಹುಲ್ಲು ಮೆದುವಾಗಿ ಮಳೆಗೆ ಬಾಗಿ ಮಲಗುತ್ತದೆ.

ಮೊದಲೇ ಇಡೀ ಅಂಗಳವನ್ನು ಬದಲಿಸಬೇಕಾಗಿಲ್ಲ. ಈ ಮಳೆಗಾಲದಲ್ಲಿ ದರೆಗೆ ಒಂದು ಸಾಲು ಲಾವಂಚ, ಹುಲ್ಲುಹಾಸಿನ ಒಂದು ಮೂಲೆಯಲ್ಲಿ ಹತ್ತು ಕೇಪಳದ ಗಿಡ ನೆಟ್ಟು ನೋಡಬಹುದು. ಒಂದು ಮಳೆಗಾಲ, ಒಂದು ಬೇಸಗೆ ಕಳೆದ ಮೇಲೆ ಯಾವುದು ನಿಂತಿತು, ಯಾವುದು ಹೋಯಿತು ಎಂಬುದನ್ನು ನಿಮ್ಮ ಅಂಗಳವೇ ಹೇಳುತ್ತದೆ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳಲ್ಲಿ ಗಿಡಗಳ ಗುರುತು ಮತ್ತು ಆರೈಕೆಯ ಬಗ್ಗೆ ರೈತರು ವಿಚಾರಿಸಬಹುದು. ಹೊಸ ಗಿಡವೊಂದರ ಹೆಸರು ತಿಳಿಯದಿದ್ದರೆ ನೆಡುವ ಮುನ್ನವೇ ಒಂದು ಕೊಂಬೆಯನ್ನು ತೋರಿಸಿ ಕೇಳುವುದು, ಹತ್ತು ವರ್ಷದ ನಂತರ ಕತ್ತಿ ಹಿಡಿಯುವುದಕ್ಕಿಂತ ಸುಲಭದ ಕೆಲಸ.